ಮಾವನ ಕಣ್ಣು, ಅಳಿಯನ ಕಣ್ಣು

"ರೀ, ಇದು ಬೂದು ಬಣ್ಣಾನಾ?"

ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಾಗ ಅಳಿಯ ಏಣಿಯ ಮೇಲಿಂದ ಹೆಮ್ಮೆಯಿಂದ ತಲೆಯಾಡಿಸಿದ. ಮಾವನ ಮನೆಯ ನಡುಮನೆಗೆ ತಾನೇ ಬಣ್ಣ ಬಳಿದು ಶಹಭಾಸ್‌ಗಿರಿ ಗಿಟ್ಟಿಸಬೇಕೆಂದು ರಜೆ ಹಾಕಿ ಬಂದಿದ್ದ. ಅವನದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣದ ಗೊಡವೆಯೇ ಇಲ್ಲ. ಉಗ್ರಾಣದಲ್ಲಿ ಚೀಟಿ ಕಿತ್ತುಹೋದ ಎರಡು ಡಬ್ಬಗಳಿದ್ದವು. ಮುಚ್ಚಳ ತೆಗೆದು ನೋಡಿದರೆ ಎರಡೂ ಒಂದೇ ಥರ ಬೂದಾಗಿ ಕಂಡವು. ಕೈಗೆ ಸಿಕ್ಕಿದ್ದನ್ನು ಬಳಿದಿದ್ದ.

ಗೋಡೆ ಗುಲಾಬಿಯಾಗಿತ್ತು. ಅಂತಿಂಥ ಗುಲಾಬಿಯಲ್ಲ, ಆಗತಾನೇ ಸ್ನಾನ ಮಾಡಿಸಿದ ಹಸುಗೂಸಿನ ಕುಂಡೆಯಂಥ ಗುಲಾಬಿ.

ಮಾವ ಒಂದು ಕಾಲದಲ್ಲಿ ಫುಟ್ಬಾಲ್ ರೆಫರಿಯಾಗಿದ್ದವರು. ಸೀಟಿ ಊದುವುದು ನಿಂತಿದ್ದರೂ ತೀರ್ಪು ಕೊಡುವ ಚಟ ನಿಂತಿರಲಿಲ್ಲ. ಮಗಳು ಗೇಟಿನಲ್ಲೇ ವರದಿ ಒಪ್ಪಿಸಿದ್ದರಿಂದ, ಒಳಗೆ ಮೊದಲು ಬಂದದ್ದು ಅವರ ಬಾಯಿ. ಕಣ್ಣು ಆಮೇಲೆ ಬಂತು.

"ಗುಲಾಬಿ! ಇದೇನು ಮನೆನಾ, ಮಿಠಾಯಿ ಡಬ್ಬಾನಾ? ಗಂಡಸಿಗೆ ಕಣ್ಣು ನೆಟ್ಟಗಿರಬೇಕು ಅಳಿಯಂದ್ರೇ. ನಾಳೆನೇ ಡಾಕ್ಟರ್ ಹತ್ರ ನಡೀರಿ. ನಾನೂ ಬರ್ತೀನಿ."

ಅಳಿಯನ ಕಣ್ಣಿನ ಮೇಲಿನ ಕಾಳಜಿಯಿಂದ ಅವರು ಹೊರಟಿದ್ದಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮದುವೆಯಾದಾಗಿನಿಂದ ಅವನ ಒಂದೇ ಒಂದು ಮಾತನ್ನೂ ಅವರು ಸರಿ ಎಂದವರಲ್ಲ.

ಕಣ್ಣಿನ ಡಾಕ್ಟರಮ್ಮ ಬಣ್ಣಬಣ್ಣದ ಚುಕ್ಕೆಗಳಿದ್ದ ಹಾಳೆಯೊಂದನ್ನು ಹಿಡಿದು, "ಇದರಲ್ಲಿ ಯಾವ ಸಂಖ್ಯೆ ಕಾಣ್ತಿದೆ?" ಎಂದರು.

"ಇಪ್ಪತ್ತೊಂದು."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕೆಂದಳು. "ಎಪ್ಪತ್ನಾಲ್ಕು ರೀ! ಅಷ್ಟು ದಪ್ಪಗಿದೆ, ಕಾಣಲ್ವಾ?"

ಮಾವ ಹಿಂದಿನಿಂದ ಕತ್ತು ಚಾಚಿ ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಯಾಕಮ್ಮಾ ಸುಮ್ಮನೆ ಅವರನ್ನ ಗೋಳು ಹುಯ್ಕೊಳ್ತೀಯ? ಸರಿಯಾಗೇ ಹೇಳ್ತಿದಾರಲ್ಲ. ಇಪ್ಪತ್ತೊಂದೇ."

ಮಾವ ಮೊದಲ ಸಲ ತನ್ನ ಪರ ನಿಂತರಲ್ಲ ಎಂದು ಅಳಿಯನ ಎದೆ ಉಬ್ಬಿತು. ಡಾಕ್ಟರಮ್ಮ ಮಾತ್ರ ಹಾಳೆಯನ್ನು ಕೆಳಗಿಟ್ಟು, ಇನ್ನೊಂದು ಕುರ್ಚಿ ಎಳೆದರು. "ನೀವೂ ಕೂತ್ಕೊಳ್ಳಿ ಸಾರ್."

ಹಾಳೆಗಳೆಲ್ಲ ಮುಗಿಯುವ ಹೊತ್ತಿಗೆ ಇಬ್ಬರೂ ಒಟ್ಟೊಟ್ಟಿಗೆ ನಪಾಸಾಗಿದ್ದರು. ಇಬ್ಬರಿಗೂ ಹುಟ್ಟಿನಿಂದಲೇ ಬಣ್ಣಗುರುಡು. ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ.

"ಇದು ಸಾಮಾನ್ಯವಾಗಿ ಗಂಡುಮಕ್ಕಳಿಗೆ ತಾಯಿ ಕಡೆಯಿಂದ ಬರುತ್ತೆ," ಎಂದರು ಡಾಕ್ಟರಮ್ಮ.

"ಗೊತ್ತಿತ್ತು ಬಿಡಿ," ಎಂದಳು ಹೆಂಡತಿ. "ನಮ್ಮತ್ತೆ ಕೊಟ್ಟಿರೋದು ಇದೊಂದೇನಾ!"

"ತಂದೆಗಿದ್ರೆ ಮಗಳಿಗೂ ಬಂದೇ ಬರುತ್ತೆ. ನಿಮ್ಮಲ್ಲೂ ಇದೆ, ಮೇಲೆ ಕಾಣಿಸ್ತಿಲ್ಲ, ಅಷ್ಟೆ. ನಾಳೆ ನಿಮ್ಮ ಮಕ್ಕಳಿಗೆ ನೀವೂ ಕೊಡಬಹುದು."

ಹೆಂಡತಿ ಅತ್ತೆಯ ಸುದ್ದಿಯನ್ನು ಅಲ್ಲಿಗೇ ಬಿಟ್ಟಳು. ಆಮೇಲೆ ಮೆತ್ತಗೆ, "ಔಷಧಿ ಇಲ್ವಾ ಡಾಕ್ಟರೇ? ಡ್ರಾಪ್ಸು, ಆಪರೇಷನ್ನು?" ಎಂದಳು.

"ಹುಟ್ಟಿನಿಂದ ಬಂದಿದ್ದಕ್ಕೆ ಸದ್ಯಕ್ಕೆ ಏನೂ ಇಲ್ಲಮ್ಮ. ಜೀನ್ ಚಿಕಿತ್ಸೆ ಅಂತ ಪ್ರಯೋಗ ನಡೀತಿದೆ. ಕೋತಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದೆ."

"ಹಾಗಿದ್ರೆ ಇವರಿಗೂ ಆಗುತ್ತೆ," ಎಂದಳು ಹೆಂಡತಿ ಗಂಡನನ್ನು ನೋಡುತ್ತ. ಅಪ್ಪನ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಡಾಕ್ಟರಮ್ಮ ಡ್ರಾಯರಿನಿಂದ ಬಣ್ಣದ ಗಾಜಿನ ಕನ್ನಡಕವೊಂದನ್ನು ತೆಗೆದರು. ಇದು ಕಾಯಿಲೆ ವಾಸಿ ಮಾಡುವುದಿಲ್ಲ, ಕೆಲವರಿಗೆ ಬಣ್ಣಗಳ ನಡುವಿನ ವ್ಯತ್ಯಾಸ ಒಂಚೂರು ಎದ್ದು ಕಾಣಿಸುತ್ತದೆ, ಕೆಲವರಿಗೆ ಅದೂ ಇಲ್ಲ, ತೆಗೆದಿಟ್ಟರೆ ಮತ್ತೆ ಮೊದಲಿನ ಹಾಗೇ ಎಂದರು. ಅಳಿಯ ಹಾಕಿಕೊಂಡು ನೋಡಿದ. ಮಟಮಟ ಮಧ್ಯಾಹ್ನಕ್ಕೆ ಮೋಡ ಕವಿದಂತಾಯಿತೇ ಹೊರತು ಬೇರೇನೂ ಆಗಲಿಲ್ಲ. ಮಾವ ಹಾಕಿಕೊಂಡವರು ಕಿಟಕಿಯತ್ತ ತಿರುಗಿದರು. ಹೊರಗೆ ಬೇಲಿಯ ಹಸಿರು ಗಿಡದಲ್ಲಿ ಕೆಂಪು ಹೂಗಳಿದ್ದವು. ತುಂಬ ಹೊತ್ತು ಅವರು ಅಲ್ಲಿಂದ ಕಣ್ಣು ಕೀಳಲಿಲ್ಲ.

"ಆವತ್ತು ಫೈನಲ್‌ನಲ್ಲಿ ಒಂದು ಟೀಮಿನದು ಕೆಂಪು ಜರ್ಸಿ, ಇನ್ನೊಂದರದು ಹಸಿರು," ಎಂದರು ಕೊನೆಗೆ, ಯಾರಿಗೂ ಅಲ್ಲದ ಹಾಗೆ. "ಗುಂಪಲ್ಲಿ ಯಾವನೋ ಚೆಂಡಿಗೆ ಕೈ ಹಾಕಿದ. ನಾನು ಕೆಂಪು ಟೀಮಿನ ಹುಡುಗನ್ನ ಹೊರಗೆ ಕಳಿಸಿದೆ. ಅವನು ಅಳ್ತಾ ಹೇಳಿದ, ಕೈ ನಂದಲ್ಲ ಸಾರ್, ಹಸಿರು ಜರ್ಸಿಯವನದು ಅಂತ. ಸುಳ್ಳು ಬೊಗಳ್ತೀಯಾ ಅಂತ ಬೈದಿದ್ದೆ."

ಅಳಿಯನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಗಂಡಸಿಗೆ ಕಣ್ಣು ನೆಟ್ಟಗಿರಬೇಕು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬರಿಗಣ್ಣಲ್ಲಿ ಮತ್ತೆ ಆ ಹೂಗಳನ್ನು ಹುಡುಕುತ್ತಿದ್ದುದನ್ನು ಕಂಡು ನುಂಗಿಕೊಂಡ.

"ಅವನೀಗ ಎಲ್ಲಿದಾನೆ ಮಾವ?"

"ಮಾರ್ಕೆಟ್ ಹಿಂದೆ. ಸೈಕಲ್ ಶಾಪು. ಆ ರಸ್ತೆಗೇ ನಾನು ಕಾಲಿಡಲ್ಲ."

"ಇವತ್ತು ಇಡೋಣ ಬನ್ನಿ."

ಸೈಕಲ್ ಶಾಪಿನವನಿಗೆ ಈಗ ಹೊಟ್ಟೆ ಬಂದಿತ್ತು, ತಲೆ ನೆರೆತಿತ್ತು. ಮಾವ ಅವನೆದುರು ನೆಟ್ಟಗೆ ನಿಂತು, ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದರು. ಡಾಕ್ಟರು, ಚುಕ್ಕೆ ಹಾಳೆ, ಕೆಂಪು ಹಸಿರು, ಕೊನೆಗೆ, "ಆವತ್ತು ತಪ್ಪು ನಂದೇ ಕಣಪ್ಪ."

ಅವನು ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಅವರನ್ನೇ ದಿಟ್ಟಿಸಿದ.

"ಅಲ್ಲ ಸಾರ್, ಆವತ್ತು ಇಡೀ ಮೈದಾನ ಎದ್ದು ನಿಂತು, ರೆಫರಿಗೆ ಕಣ್ಣು ಕಾಣಲ್ಲ ಅಂತ ಬೊಬ್ಬೆ ಹೊಡೀತಿತ್ತು. ಅಷ್ಟು ಜನ ಪುಕ್ಕಟೆ ಹೇಳಿದ್ದನ್ನ ಬಿಟ್ಟು, ಡಾಕ್ಟರಿಗೆ ಯಾಕೆ ದುಡ್ಡು ಕೊಟ್ರಿ?"