ಪಕ್ಕದ ಮನೆಯ ಕಡ

ಎರಡನೇ ತರಗತಿಯ ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಟರು ಬಂದು ಕೂತಿದ್ದರು. ಟೀಚರು ಬೋರ್ಡಿನ ಮೇಲೆ ಮೂವತ್ತೆರಡರಿಂದ ಹದಿನೇಳನ್ನು ಕಳೆಯುವ ಲೆಕ್ಕ ಬರೆದು, ತರಗತಿಯ ಜಾಣೆಯನ್ನೇ ಕರೆದರು.

“ಎರಡರಲ್ಲಿ ಏಳು ಹೋಗುತ್ತಾ?”

“ಹೋಗಲ್ಲ ಮಿಸ್.”

“ಹಾಗಿದ್ರೆ ಏನು ಮಾಡ್ಬೇಕು?”

“ಪಕ್ಕದ ಮನೆಯಿಂದ ಕಡ ತರ್ಬೇಕು.”

ಇನ್ಸ್‌ಪೆಕ್ಟರು ತಲೆದೂಗಿದರು. ಟೀಚರ ಮುಖ ಅರಳಿತು.

“ಶಭಾಷ್! ತಗೊಂಡು ಬಾ ಮತ್ತೆ.”

ಹುಡುಗಿ ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು.

“ಅವ್ರು ಕೊಡಲ್ಲ ಮಿಸ್.”

“ಯಾಕೆ ಕೊಡಲ್ಲ? ನೋಡು, ಪಕ್ಕದ ಮನೇಲಿ ಮೂರಿದೆ!”

“ಇದ್ರೂ ಇಲ್ಲ ಅಂತಾರಂತೆ.”

“ಯಾರೇ ಹಾಗಂದಿದ್ದು?”

“ನಮ್ಮಮ್ಮ. ನಿನ್ನೆ ಸಕ್ಕರೆ ಕಡ ಕೇಳೋಕೆ ಬಂದಿದ್ದು ನಿಮ್ಮನೆಗೇ ಅಲ್ವಾ ಮಿಸ್?”