ಪ್ರಾರ್ಥನೆಗೆ ಕೂರುವ ಮೊದಲು

ಇದನ್ನು ಓದಿ ನಮ್ಮ ಚರ್ಚಿನವರಿಗೆ ಸಿಟ್ಟು ಬರಬಹುದು... ಬರಲಿ. ನಾನೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಉಡುಪಿ ಕಡೆಯ ನಮ್ಮ ಪೇಟೆಯಲ್ಲಿ ಎಬನೇಜರ್ ಅವರದು ಒಂದು ಬೇಕರಿ. ಚರ್ಚಿನ ಸಭೆಯ ಹಿರಿಯರು ಬೇರೆ. ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ಕಟ್ಟುನಿಟ್ಟಿನ ಉಪವಾಸ.

ಸುತ್ತಲೂ ಬಿಸಿ ಬನ್ನು, ಬ್ರೆಡ್ಡಿನ ಘಮ... ಇವರು ಒಂದು ತುಣುಕು ಮುಟ್ಟುವುದಿಲ್ಲ! ಚರ್ಚಿನಲ್ಲಿ ಎಲ್ಲರ ಬಾಯಲ್ಲೂ ಅದೇ ಹೊಗಳಿಕೆ.

ಅವರ ಬೇಕರಿ, ಮನೆ ಎರಡೂ ನಮ್ಮ ಮನೆಗೆ ತಾಗಿಕೊಂಡೇ ಇವೆ. ನನಗೆ ಕೇಳಿಸುತ್ತಿದ್ದದ್ದು ಬೇರೆ.

ಮಧ್ಯಾಹ್ನ ಹಸಿವು ಏರಿದ ಹಾಗೆ ಅವರ ಸ್ವರವೂ ಏರುತ್ತಿತ್ತು. ಬ್ರೆಡ್ಡು ಬೇಯಿಸುವ ವಾಮನನಿಗೆ ಗಿರಾಕಿಗಳ ಎದುರೇ ಬೈಗುಳ. ಸಂಜೆ ಗಂಜಿಗೆ ಉಪ್ಪು ಕಡಿಮೆಯಾದರೆ ಬಟ್ಟಲು ಗೋಡೆಗೆ.

ಹೆಂಡತಿ ಸುಗಂಧಿ ಬಾಯಿ ಮುಚ್ಚಿಕೊಂಡು ಗೋಡೆ ಒರೆಸುತ್ತಿದ್ದಳು... ಆಮೇಲೆ ಎಲ್ಲರೂ ಕೂತು ಕುಟುಂಬ ಪ್ರಾರ್ಥನೆ!

ನನಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರಾರ್ಥನೆಯ ಹೊತ್ತಿಗೆ ಮಾತ್ರ ದೇವರಿಗೆ ಕಿವಿ ಕೇಳಿಸುತ್ತದೆ ಎಂದುಕೊಂಡಿದ್ದಾರೆಯೇ ಇವರು?

ಅವರಿಗೆ ಒಬ್ಬಳೇ ಮಗಳು, ಲವೀನಾ. ಆ ವರ್ಷ, ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಅವಳ ದೃಢೀಕರಣ.

ಕೂಸಾಗಿದ್ದಾಗ ಅಪ್ಪ ಅಮ್ಮ ದೀಕ್ಷಾಸ್ನಾನ ಮಾಡಿಸಿರುತ್ತಾರೆ. ದೊಡ್ಡವರಾದ ಮೇಲೆ ಮಕ್ಕಳೇ ಸಭೆಯ ಎದುರು ನಿಂತು, ಈ ವಿಶ್ವಾಸ ನನ್ನದು ಎಂದು ಒಪ್ಪಿಕೊಳ್ಳುವ ದಿನ ಅದು.

ಹಿಂದಿನ ದಿನ ಸಂಜೆ ಹುಡುಗಿ ಹೇಳಿಬಿಟ್ಟಳು... "ನಾನು ನಾಳೆ ನಿಲ್ಲುವುದಿಲ್ಲ."

ಎಬನೇಜರ್ ಕೂಗಾಡಿದ್ದು ಬೀದಿಗೆಲ್ಲ ಕೇಳಿತು. "ನಿನಗೋಸ್ಕರ ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ದೇನೆ! ಸಭೆಯ ಎದುರು ನನ್ನ ಮರ್ಯಾದೆ ತೆಗೀತೀಯಾ?"

ಸುಗಂಧಿ ನಮ್ಮ ಮನೆಗೆ ಓಡಿ ಬಂದಳು. "ಅಕ್ಕಾ, ಅಯ್ಯನವರಿಗೆ ಒಂದು ಫೋನ್ ಮಾಡಿ!" ನಮ್ಮಲ್ಲಿ ಪಾಸ್ಟರನ್ನು ಹಾಗೆ ಕರೆಯುವುದು. ಫೋನ್ ಮಾಡಿ ನಾನೂ ಅವಳ ಜೊತೆ ಹೋದೆ.

ಅಯ್ಯನವರು ಬಂದು ಲವೀನಾಳ ಪಕ್ಕ ಕೂತರು. "ಯಾಕೆ ಮಗಾ? ದೇವರಲ್ಲಿ ನಂಬಿಕೆ ಇಲ್ವಾ?"

"ಉಂಟು ಅಯ್ಯನವರೇ... ಆದ್ರೆ ದೃಢೀಕರಣ ಆದ ಮೇಲೆ ನಾನೂ ಉಪವಾಸ ಹಿಡೀಬೇಕಲ್ಲ? ಉಪವಾಸ ಹಿಡಿದ್ರೆ ನಾನೂ ಪಪ್ಪನ ಹಾಗೇ ಆಗ್ತೇನೆ. ನಂಗೆ ಅದೇ ಹೆದರಿಕೆ."



ನನಗೆ ತಡೆಯಲಾಗಲಿಲ್ಲ. ಎಬನೇಜರ್ ಕಡೆ ತಿರುಗಿದೆ. "ಕೇಳಿತಾ? ಇಡೀ ಚರ್ಚು ನಿಮ್ಮನ್ನು ಹೊಗಳ್ತದೆ, ಹೆತ್ತ ಮಗಳು ಹೆದರ್ತಾಳೆ! ನಿಮ್ಮನ್ನು ಸರಿಯಾಗಿ ಕಂಡವರು ಯಾರು, ನೀವೇ ಹೇಳಿ!"

ಅವರು ಕುರ್ಚಿ ಎಳೆದುಕೊಂಡು ಅಯ್ಯನವರ ಎದುರು ಕೂತರು. ಕೇಳಿದರು, "ನಾನು ಎಂತ ಮಾಡ್ಬೇಕು ಅಯ್ಯನವರೇ? ಉಪವಾಸ ಬಿಡ್ಲಾ?"

"ಬಿಡೋದು ಬೇಡ. ಆದ್ರೆ ಆ ದಿವಸ ಯಾರಿಗೆ ಬೈದಿದ್ದೀರೋ ಅವರ ಹತ್ರ ಹೋಗಿ ಕ್ಷಮೆ ಕೇಳದೆ ಪ್ರಾರ್ಥನೆಗೆ ಕೂರ್ಬೇಡಿ. ಅಷ್ಟು ಸಾಕು."

ಲವೀನಾ ತಲೆ ಎತ್ತಲಿಲ್ಲ. "ಒಂದು ವರ್ಷ ನೋಡ್ತೇನೆ ಪಪ್ಪಾ" ಎಂದಳು.

ಮರುದಿನ ಅವಳ ಜೊತೆಯ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಸಭೆಯ ಎದುರು ನಿಂತರು... ಮುಂದಿನ ಸಾಲಿನಲ್ಲಿ ಎಬನೇಜರ್ ತಲೆ ತಗ್ಗಿಸಿ ಕೂತಿದ್ದರು.

ಆಮೇಲಿನ ತಿಂಗಳುಗಳ ಕಥೆ ಏನು ಹೇಳಲಿ! ಟಿವಿಯಲ್ಲಿ ಧಾರಾವಾಹಿಗಳೆಲ್ಲ ಮುಗಿದರೂ ಆ ಮನೆಯಲ್ಲಿ ಪ್ರಾರ್ಥನೆ ಶುರುವಾಗುತ್ತಿರಲಿಲ್ಲ. ಎಬನೇಜರ್ ಸ್ಕೂಟರ್ ಹತ್ತಿ ವಾಮನನ ಮನೆಗೆ ಹೋಗಿರುತ್ತಿದ್ದರು.

ಮೊದಲ ದಿನ ವಾಮನನಿಗೆ ಗಾಬರಿ. "ಎಂತ ಸಾವ್ಕಾರ್ರೇ... ನನ್ನನ್ನು ಕೆಲಸದಿಂದ ತೆಗೀತೀರಾ?"

ನಾಚಿಕೆಯಿಂದ ಅರ್ಧ ದಾರಿಗೇ ತಿರುಗಿ ಬಂದದ್ದೂ ಉಂಟು. ಅಂದು ಆ ಮನೆಯಲ್ಲಿ ಪ್ರಾರ್ಥನೆಯೇ ಇಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಹೆಂಡತಿಯ ಹತ್ತಿರ ಕೇಳುವುದು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಗೋ ಕೇಳಿದರಂತೆ. ಸುಗಂಧಿ ತಿರುಗಿಯೂ ನೋಡದೆ ಹೇಳಿದಳಂತೆ, "ಕ್ಷಮಿಸ್ತೇನೆ. ಮರೀಲಿಕ್ಕೆ ಮಾತ್ರ ಅವಸರ ಮಾಡ್ಬೇಡಿ."

ಸರಿಯಾಗಿಯೇ ಹೇಳಿದಳು! ಬೈಯಲು ವರ್ಷಗಟ್ಟಲೆ ತೆಗೆದುಕೊಂಡವರು, ಕ್ಷಮೆ ಸಿಗಲು ಒಂದು ಸಂಜೆ ಸಾಕು ಎಂದುಕೊಳ್ಳುತ್ತಾರೆ.

ಬೈಗುಳ ಒಮ್ಮೆಲೇ ನಿಲ್ಲಲಿಲ್ಲ. ದಿನಾ ಹೋಗಿ ಕ್ಷಮೆ ಕೇಳಬೇಕಲ್ಲ ಎಂಬ ಸಂಕಟಕ್ಕೇ ಸ್ವಲ್ಪ ಸ್ವಲ್ಪ ಕಡಿಮೆಯಾಯಿತು.

ಮತ್ತೆ ಲೆಂಟ್ ಕಾಲ ಬಂತು... ಮತ್ತೆ ಉಪವಾಸ.

ಒಂದು ಮಧ್ಯಾಹ್ನ ಲವೀನಾ ಬೇಕರಿಗೆ ಬಂದಿದ್ದಳು. ನಾನೂ ಬ್ರೆಡ್ಡಿಗೆ ಹೋಗಿದ್ದೆ. ಒಳಗಿನಿಂದ ಸುಟ್ಟ ವಾಸನೆ... ನೋಡಿದರೆ ಟ್ರೇಗಟ್ಟಲೆ ಬ್ರೆಡ್ಡು ಕರಟಿ ಹೋಗಿದೆ!

ವಾಮನ ಸುಡುವ ಟ್ರೇಯನ್ನು ಬರಿಗೈಯಲ್ಲೇ ಎಳೆದು ಕೆಳಗಿಟ್ಟು, ಬೈಗುಳಕ್ಕೆ ಕಾದು ನಿಂತ.

ಎಬನೇಜರ್ ಮುಖ ಕೆಂಡವಾಯಿತು. ಹಲ್ಲು ಕಚ್ಚಿದರು. ಒಂದು ಮಾತೂ ಆಡದೆ ಹೊರಗೆ ಹೋಗಿ ಸುಡುಬಿಸಿಲಲ್ಲಿ ನಿಂತರು.



ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, ವಾಮನನ ಕೈ ಹಿಡಿದು ನೋಡಿದರು. "ಸುಟ್ಟಿತಾ ಮಾರಾಯಾ?"

ವಾಮನ ಅಲ್ಲೇ ಅತ್ತುಬಿಟ್ಟ...

ಅಂದು ಸಂಜೆ ಲವೀನಾ ಅಯ್ಯನವರ ಮನೆಗೆ ಹೋದಳು. ಯಾರೂ ಹೋಗು ಎಂದಿರಲಿಲ್ಲ.

"ಅಯ್ಯನವರೇ, ಈ ಸಲ ನಾನು ನಿಲ್ತೇನೆ... ಉಪವಾಸ ಹೇಗೆ ಹಿಡಿಯೋದು ಅಂತ ಪಪ್ಪನ ಹತ್ರವೇ ಕಲೀತೇನೆ."

*ಹೊಟ್ಟೆಯನ್ನು ಹಿಡಿತದಲ್ಲಿಟ್ಟ ಮಾತ್ರಕ್ಕೆ ನಾಲಿಗೆ ಹಿಡಿತಕ್ಕೆ ಬರುವುದಿಲ್ಲ. ಅದನ್ನು ಬೇರೆಯಾಗಿಯೇ, ದಿನದಿನವೂ ಪಳಗಿಸಬೇಕು.*

ಇವತ್ತು ಪ್ರಾರ್ಥನೆಗೆ ಕೂರುವ ಮೊದಲು... ನೀವು ಯಾರ ಬಾಗಿಲಿಗೆ ಹೋಗಬೇಕಾಗಿದೆ?