ಡೈನೋಮಾಕಸನ ತೋಳು

ಮದುಮಗಳು ದೋಣಿ ಹತ್ತಿ ಕೂತಳು. ಹುಟ್ಟು ಹಾಕಲು ಮಾತ್ರ ಒಬ್ಬನೂ ಮುಂದೆ ಬರಲಿಲ್ಲ. ಎದುರಿನ ದ್ವೀಪದಲ್ಲಿ ಗಂಡಿನ ಮನೆಯವರು ಕಾಯುತ್ತಿದ್ದರು. ಇಲ್ಲಿ, ನಿನ್ನೆ ಹೂಂ ಎಂದಿದ್ದ ಅಂಬಿಗರೇ ಮರಳಿನ ಮೇಲೆ ಗುಂಪಾಗಿ ನಿಂತು ತಮ್ಮ ಕಾಲಬೆರಳು ನೋಡಿಕೊಳ್ಳುತ್ತಿದ್ದರು.

ಏನಾಯಿತೆಂದು ಮದುಮಗಳ ತಂದೆ ಡೈನೋಮಾಕಸ್ ಗದರಿದ. ಈಚೆಯ ದ್ವೀಪಕ್ಕೆ ಅವನೇ ದೊರೆ, ಯುದ್ಧದಲ್ಲಿ ಹೆಸರು ಮಾಡಿ ಬಂದವನು. ಕೊನೆಗೆ ಚುಕ್ಕಾಣಿ ಹಿಡಿಯುವ ಮುದುಕ ಟೆಲ್ಲಿಸ್ ಬಾಯಿಬಿಟ್ಟ. "ಕಡಲ ದೇವರಿಗೆ ನಿಮ್ಮ ಮೇಲೆ ಸಿಟ್ಟಿದೆ ಒಡೆಯ. ನಿಮ್ಮ ಮಗಳನ್ನ ಕೂರಿಸ್ಕೊಂಡು ನೀರಿಗಿಳಿಯೋಕೆ ಇವರಿಗೆ ಧೈರ್ಯ ಸಾಲ್ತಿಲ್ಲ."

ಯಾಕೆ ಸಿಟ್ಟು ಎಂದು ಡೈನೋಮಾಕಸ್ ಕೇಳಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಮಗಳು ಫಿಲಿನ್ನಾ ಇನ್ನೂ ಕೂಸಾಗಿದ್ದಾಗ ಅವನು ಯುದ್ಧ ಗೆದ್ದು ಮರಳುತ್ತಿದ್ದ. ಬಿರುಗಾಳಿಗೆ ಸಿಕ್ಕಿ ಹಿಂದಿದ್ದ ಎರಡು ಹಡಗುಗಳು ಮುಳುಗಿದವು, ಅವನದೊಂದು ದಡ ಮುಟ್ಟಿತು. ಗೆಲುವಿನ ಔತಣದಲ್ಲಿ ಪೂಜಾರಿ, ಮೊದಲ ಬಟ್ಟಲ ದ್ರಾಕ್ಷಾರಸವನ್ನು ಕಡಲ ದೇವರಾದ ಪೊಸೈಡನ್ನನಿಗೆ ಸುರಿಯಿರಿ ಎಂದಾಗ, ಅದನ್ನು ತಾನೇ ಗಟಗಟ ಕುಡಿದು ತೋಳು ತಟ್ಟಿಕೊಂಡಿದ್ದ. ನನ್ನನ್ನು ದಡ ಸೇರಿಸಿದ್ದು ಈ ತೋಳು, ಯಾವ ದೇವರೂ ಅಲ್ಲ; ಮುಳುಗಿದವರಿಗೆ ಇಂಥ ತೋಳಿರಲಿಲ್ಲ, ಅಷ್ಟೇ ಎಂದಿದ್ದ. ಮುಳುಗಿದವರ ಹೆಂಡಂದಿರು ಆಗ ಬಾಗಿಲ ಬಳಿಯೇ ನಿಂತಿದ್ದರು.

"ಸರಿ, ನಾನೇ ಹುಟ್ಟು ಹಾಕ್ತೀನಿ," ಎಂದು ಅವನು ದೋಣಿಯ ಅಂಚಿಗೆ ಕೈಹಾಕಿದ.

ಟೆಲ್ಲಿಸ್ ತಡೆಯಲಿಲ್ಲ. "ಹಾಕಿ ಒಡೆಯ. ದೇವರು ಮರೆತಿದ್ರೂ ಮರೆತಿರಬಹುದು. ನಾವು ಮರೆತಿಲ್ಲ. ಮುಳುಗಿದ ಹಡಗಲ್ಲಿ ನನ್ನ ತಮ್ಮ ಇದ್ದ."

ಇಷ್ಟು ವರ್ಷ ಜೊತೆಯಲ್ಲೇ ಇದ್ದ ಮುದುಕ ಈ ಮಾತನ್ನು ಒಂದು ದಿನವೂ ಎತ್ತಿರಲಿಲ್ಲ. ಡೈನೋಮಾಕಸನ ಮುಖ ಕೆಂಪೇರಿತು, ದವಡೆ ಬಿಗಿಯಿತು. ಅಂಬಿಗರು ಒಂದು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ಫಿಲಿನ್ನಾ ದೋಣಿಯಿಂದ ಇಳಿದು ಬಂದಳು. ತಾಯಿಯಿಲ್ಲದ ಹುಡುಗಿ. ಬೆಳಗ್ಗೆ ಅವಳ ಜಡೆ ಹೆಣೆದವನೂ ಅಪ್ಪನೇ. ಕತ್ತಿ ಹಿಡಿದ ಬೆರಳುಗಳ ಹಿಡಿತಕ್ಕೆ ಕೂದಲು ಸಿಗದೆ ಜಡೆ ಒಂದು ಕಡೆಗೆ ವಾಲಿತ್ತು. "ಬಿಡಿ ಅಪ್ಪ, ಮನೆಗೆ ಹೋಗೋಣ. ನಿಮ್ಮ ತಲೆ ತಗ್ಗಿಸಿ ನಾನು ಗಂಡನ ಮನೆ ಸೇರಬೇಕಾಗಿಲ್ಲ," ಎಂದಳು. ದನಿಯಲ್ಲಿ ಮುನಿಸಿರಲಿಲ್ಲ. ಹೇಳುತ್ತಲೇ ಮದುವೆಯ ಕೇಸರಿ ಮುಸುಕನ್ನು ತೆಗೆದು, ಇನ್ನು ಬೇಕಾಗದ ವಸ್ತುವನ್ನು ಮಡಿಸುವಂತೆ ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದಳು.

ಅವಳು ಅತ್ತಿದ್ದರೆ, ಬೈದಿದ್ದರೆ ಅವನು ಬಗ್ಗುತ್ತಿರಲಿಲ್ಲ. ತನ್ನ ಗರ್ವಕ್ಕೆ ಮಗಳು ಆಯುಷ್ಯವಿಡೀ ಕಾವಲು ಕೂರಲು ಹೊರಟಿದ್ದಾಳೆ ಎಂದು ಹೊಳೆದಾಗ ಮಾತ್ರ ಅವನು ದೋಣಿಯ ಅಂಚಿನಿಂದ ಕೈ ತೆಗೆದ. ಮದುವೆಗೆಂದು ತಂದಿದ್ದ ದ್ರಾಕ್ಷಾರಸದ ಹೂಜಿಯನ್ನು ಎತ್ತಿಕೊಂಡು ಮುದುಕನ ಹತ್ತಿರ ಹೋದ.

"ಹೇಗೆ ಕೇಳೋದು ಟೆಲ್ಲಿಸ್? ನನಗೆ ಅಭ್ಯಾಸ ಇಲ್ಲ."

"ಹಸಿದಾಗ ಅವ್ವನ್ನ ಕೇಳ್ತಿರಲಿಲ್ವಾ ಒಡೆಯ? ಹಾಗೇ."

ಡೈನೋಮಾಕಸ್ ನೀರಿಗಿಳಿದ. ಹೂಜಿ ಬರಿದಾಗುವವರೆಗೂ ಸುರಿದು ಮಂಡಿಯೂರಿದ. ಮೊದಲು, ಸಭೆಯಲ್ಲಿ ಆಡುವ ದನಿಯಲ್ಲಿ, ದಡಕ್ಕೆಲ್ಲ ಕೇಳುವಂತೆ ಹೇಳಿದ: "ಮುಳುಗಿದವರ ತೋಳೂ ನನ್ನ ತೋಳಿನಷ್ಟೇ ಗಟ್ಟಿಯಾಗಿತ್ತು. ನಾನು ಉಳಿದದ್ದು ನಿನ್ನ ದಯೆ." ದಡದಲ್ಲಿದ್ದ ಮುದುಕಿಯೊಬ್ಬಳು ಬಾಯಿಗೆ ಕೈ ಒತ್ತಿಕೊಂಡಳು. ಆಮೇಲೆ ಅವನ ದನಿ ಕುಸಿಯಿತು. ಹುಡುಗಿಗೆ ಗುಡುಗೆಂದರೆ ಭಯ ಎಂದ. ನನ್ನ ನಾಲಿಗೆಯ ತಪ್ಪನ್ನು ಅವಳ ತಲೆಗೆ ಕಟ್ಟಬೇಡ, ಬೇಕಿದ್ದರೆ ನನ್ನನ್ನು ಎಳೆದುಕೋ, ಅವಳನ್ನು ಆಚೆ ದಡಕ್ಕೆ ಮುಟ್ಟಿಸು ಎಂದು ಬೇಡಿಕೊಂಡ. ಅಗಲವಾದ ಆ ಬೆನ್ನು ಅದುರುತ್ತಿತ್ತು. ಅಂಬಿಗರು ಒಬ್ಬೊಬ್ಬರಾಗಿ ಮುಖ ತಿರುಗಿಸಿ, ಬಿಗಿಯಾಗಿಯೇ ಇದ್ದ ಹುಟ್ಟಿನ ಪಟ್ಟಿಗಳನ್ನು ಮತ್ತೆ ಬಿಗಿಯತೊಡಗಿದರು.

ಎದ್ದು ಬಂದಾಗ ಅವನ ಗಡ್ಡದಿಂದ ನೀರು ಸೋರುತ್ತಿತ್ತು. ಮಗಳ ಕೈಯಿಂದ ಮುಸುಕನ್ನು ತೆಗೆದು, ಬಿಡಿಸಿ, ತಾನೇ ಅವಳ ತಲೆಗೆ ಹೊದಿಸಿದ. ಅಂಬಿಗರು ಆಗಲೇ ದೋಣಿ ಹತ್ತುತ್ತಿದ್ದರು. ಅವನು ಟೆಲ್ಲಿಸನ ಕಡೆಗೆ ತಿರುಗಿ, ಮೆಲ್ಲನೆ, ಎಲ್ಲ ಕೇಳಿಸಿತೇ ಎಂದು ವಿಚಾರಿಸಿದ.

"ಮೊದಲು ಹೇಳಿದ್ದು ಕೇಳಿಸ್ತು ಒಡೆಯ. ಆಮೇಲಿಂದು ಅಲೆಗಳ ಸದ್ದಿಗೆ ಏನೂ ಕೇಳಿಸ್ಲಿಲ್ಲ," ಎಂದು ಮುದುಕ ಚುಕ್ಕಾಣಿಗೆ ಕೈಹಾಕಿದ.

ಕಡಲು ಬಟ್ಟಲಿನಲ್ಲಿಟ್ಟ ಹಾಲಿನಂತೆ ಅಲುಗದೆ ಮಲಗಿತ್ತು.